ಹುಲಿಯ ತಲೆ ಅಲ್ಲಿದೆ, ಸಿಂಹಾಸನ ಎಲ್ಲಿ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಇಯರ್‌ಫೋನ್ ಕೈಗೆ ಸಿಗದವರು ಇಲ್ಲೇ ಓದಿಕೊಳ್ಳಬಹುದು.)

ಮೈಸೂರಿಂದ ಮಾತಾಡ್ತಿದ್ದೀನಿ. ಇವತ್ತು ಒಂದು ರೇಟಿನಿಂದ ಶುರು ಮಾಡೋಣ.

2009ರ ಏಪ್ರಿಲ್. ಲಂಡನ್ನಿನ ಬಾನಮ್ಸ್ ಅನ್ನೋ ಹರಾಜು ಸಂಸ್ಥೆ. ಮೇಜಿನ ಮೇಲೆ ಒಂದು ಹುಲಿಯ ತಲೆ. ಪೂರ್ತಿ ಹುಲಿ ಅಲ್ಲ, ಬರೀ ತಲೆ, ಅದೂ ಅಂಗೈಯಲ್ಲಿ ಕೂರುವಷ್ಟು ಪುಟ್ಟದು. ಒಳಗೆ ಅರಗು, ಹೊರಗೆ ಚಿನ್ನದ ತಗಡು, ಅದರ ಮೇಲೆ ಮಾಣಿಕ್ಯ, ವಜ್ರ, ಪಚ್ಚೆ. ಹೋದ ಬೆಲೆ 3,89,600 ಪೌಂಡ್. ಮುಂದಿನ ವರ್ಷ, 2010ರಲ್ಲಿ, ಅದೇ ಗುಂಪಿನ ಇನ್ನೊಂದು ತಲೆ 4,34,400 ಪೌಂಡಿಗೆ ಹೋಯ್ತು. 2021ರಲ್ಲಿ ಇಂಥದ್ದೇ ಒಂದು ತಲೆಗೆ 15 ಲಕ್ಷ ಪೌಂಡ್ ಬೆಲೆ ಕಟ್ಟಿ, ಅದು ದೇಶ ಬಿಟ್ಟು ಹೋಗಬಾರದು ಅಂತ ಬ್ರಿಟಿಷ್ ಸರ್ಕಾರ ರಫ್ತಿಗೆ ತಾತ್ಕಾಲಿಕ ತಡೆ ಹಾಕ್ತು. ತಮಾಷೆ ನೋಡಿ, ಆ ವಸ್ತು ಹುಟ್ಟಿದ್ದು ಬ್ರಿಟನ್ನಿನಲ್ಲಲ್ಲ. ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲಿ.

ಹೌದು, ಟಿಪ್ಪು ಸುಲ್ತಾನನ ಸಿಂಹಾಸನದ ಹುಲಿತಲೆಗಳು. ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅನ್ನೋ ಜಗಳಕ್ಕೆ ನಾನಿವತ್ತು ಇಳಿಯಲ್ಲ, ಅದಕ್ಕೆ ಬೇಕಾದಷ್ಟು ಚಾನೆಲ್‌ಗಳಿವೆ. ನನ್ನ ಪ್ರಶ್ನೆ ಚಿಕ್ಕದು. ತಲೆಗಳು ಸಿಕ್ಕಿವೆ, ಆದ್ರೆ ಆ ತಲೆಗಳು ಕೂತಿದ್ದ ಸಿಂಹಾಸನ ಎಲ್ಲಿ?

ಮೊದಲು, ಫಿಟಿಂಗ್ ಅಂದ್ರೆ ಏನು?

ಮೈಸೂರು ಅರಮನೆ ಆವರಣದಲ್ಲಿ ಕಂಚಿನ ಹುಲಿಗಳಿವೆ, ನೋಡಿರ್ತೀರ. ಬ್ರಿಟಿಷ್ ಶಿಲ್ಪಿ ರಾಬರ್ಟ್ ವಿಲಿಯಂ ಕಾಲ್ಟನ್ ಮಾಡಿದ್ದು. ಎಲ್ಲರೂ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ತಾರೆ. ಅವು ಪ್ರತಿಮೆಗಳು. ಅಂದ್ರೆ ಅವಷ್ಟೇ ಪೂರ್ತಿ, ಬೇರೆ ಯಾವುದಕ್ಕೂ ಸೇರಿದ್ದಲ್ಲ.

ಈಗ ಅದೇ ಅರಮನೆಯ ಆನೆ ಬಾಗಿಲು ನೆನಪಿಸಿಕೊಳ್ಳಿ. ಹಿತ್ತಾಳೆಯ ಕೆಲಸ, ಅದರಲ್ಲಿ ಎರಡು ತಲೆಯ ಗಂಡಭೇರುಂಡ. ಆ ಹಕ್ಕಿ ಬಾಗಿಲಿಗೆ ಸೇರಿದ್ದು. ಬಾಗಿಲಿನಿಂದ ಕಿತ್ತು ಕೈಗೆ ಕೊಟ್ರೆ ಅದು ಚಂದದ ಲೋಹದ ತುಂಡು ಅಷ್ಟೇ. ಬಾಗಿಲಲ್ಲಿ ಇದ್ರೆ ಮಾತ್ರ 'ಇದು ಯಾರ ಮನೆ' ಅಂತ ಹೇಳುತ್ತೆ.

ಮನೆಗಳಲ್ಲೂ ಇದೆ. ಹಳೇ ಉಯ್ಯಾಲೆಯ ಸರಪಳಿ ನಡುವೆ ಕೂತ ಗಿಳಿ, ಆನೆ. ತೂಗುದೀಪದ ಮೇಲಿನ ಹಂಸ. ದೇವರ ಹಿಂದಿನ ಪ್ರಭಾವಳಿಯ ಎರಡು ಕಡೆ ಬಾಯಿ ತೆರೆದ ಮಕರ, ನೆತ್ತಿಯಲ್ಲಿ ಕೀರ್ತಿಮುಖ. ಮುಂಬಾಗಿಲಲ್ಲಿ ಬಾಯಲ್ಲಿ ಬಳೆ ಕಚ್ಚಿಕೊಂಡ ಸಿಂಹ. ಇವೆಲ್ಲ ಫಿಟಿಂಗ್‌ಗಳೇ. ಅಲಂಕಾರ ಹೌದು, ಜೊತೆಗೆ ಒಂದು ಕೆಲಸವೂ ಇದೆ: ಹಿಡಿಯೋದು, ಸೇರಿಸೋದು, ತುದಿ ಮುಚ್ಚೋದು, ತೂಕ ತಡೆಯೋದು.

ಪ್ರಾಣಿ ರೂಪವೇ ಯಾಕೆ? ಸುಮ್ನೆ ಯೋಚಿಸಿ. ಬಳೆ ಹಿಡಿಯೋಕೆ ಏನೋ ಒಂದು ಬೇಕು, ಸಿಂಹಕ್ಕೆ ಬಾಯಿ ಇದೆ. ಮಂಚದ ಕಾಲಿನ ತುದಿಗೆ ಅಗಲವಾದ ತಳ ಬೇಕು, ಹುಲಿಗೆ ಪಂಜ ಇದೆ. ಹಿಡಿಕೆ ಬಾಗಬೇಕು, ಹಂಸಕ್ಕೆ ಕತ್ತಿದೆ. ಕಸುಬುದಾರ ಕೆಲಸದಿಂದಲೇ ಪ್ರಾಣಿಯನ್ನ ಹುಡುಕಿಕೊಂಡಿದ್ದಾನೆ. ಮೇಲಿಂದ ಕಾವಲು, ಗತ್ತು, ಶುಭ ಅನ್ನೋ ಅರ್ಥಗಳೂ ಸೇರಿಕೊಂಡ್ವು.

ರೋಮ್‌ನಲ್ಲಿ ನಡೆದ ಎಡವಟ್ಟು

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಇಂಥ ವಸ್ತುಗಳು ಅತಿ ಹೆಚ್ಚು ಸಿಕ್ಕಿರುವ ಜಾಗಗಳಲ್ಲಿ ಒಂದು ಪ್ರಾಚೀನ ರೋಮನ್ ಸಾಮ್ರಾಜ್ಯ. ಅದು ನಮಗೆ ತೀರಾ ದೂರದ್ದೂ ಅಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಗಡಿಯಾಚೆ ಕೊಲ್ಹಾಪುರದ ಬ್ರಹ್ಮಪುರಿಯಲ್ಲಿ ಅವರ ಸಮುದ್ರ ದೇವರ ಪುಟ್ಟ ಕಂಚಿನ ಮೂರ್ತಿಯೇ ಸಿಕ್ಕಿದೆ.

ರೋಮನ್ನರ ಶ್ರೀಮಂತರು ಊಟಕ್ಕೆ ಕೂರ್ತಿರಲಿಲ್ಲ, ಮಂಚದ ಮೇಲೆ ಒರಗಿಕೊಂಡು ತಿಂತಿದ್ರು. ಮೊಣಕೈ ಊರೋಕೆ ಮಂಚದ ತುದಿಯಲ್ಲಿ ಬಾಗಿದ ಆಸರೆ ಇರ್ತಿತ್ತು. ಅದರ ಹೆಸರು ಫುಲ್ಕ್ರಮ್. ಹೌದು, ಹೈಸ್ಕೂಲಿನ ವಿಜ್ಞಾನದಲ್ಲಿ ಸನ್ನೆಗೋಲಿನ ಪಾಠದಲ್ಲಿ ಬಂದ ಅದೇ ಪದ. ಮಂಚ ಮರದ್ದು, ಆಸರೆಯ ಮೇಲೆ ಕಂಚಿನ ಫಿಟಿಂಗ್. ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಒಂದು ಹೇಸರಗತ್ತೆಯ ತಲೆ, ಕತ್ತು ತಿರುಗಿಸಿ ನೋಡ್ತಿರೋ ಹಾಗೆ, ಕೆಲವು ಸಲ ತಲೆಗೆ ಎಲೆಗಳ ಹಾರ. ಮದ್ಯದ ದೇವರು ಡಯೊನೈಸಸ್‌ನ ಮೆರವಣಿಗೆಗೆ ಸೇರಿದ ಪ್ರಾಣಿ ಅದು. ಊಟ, ಕುಡಿತದ ಜಾಗಕ್ಕೆ ಸರಿಹೊಂದುತ್ತೆ.

ಹೇಗೆ ಮಾಡ್ತಿದ್ರು? ಮೇಣದ ಎರಕ. ಮೇಣದಲ್ಲಿ ಆಕಾರ ಮಾಡಿ, ಮಣ್ಣು ಮೆತ್ತಿ, ಕಾಯಿಸಿದ್ರೆ ಮೇಣ ಕರಗಿ ಹರಿದುಹೋಗುತ್ತೆ. ಖಾಲಿಯಾದ ಜಾಗಕ್ಕೆ ಕರಗಿದ ಕಂಚು ಹುಯ್ಯೋದು. ನಮ್ಮ ನಾಗಮಂಗಲ ಲೋಹದ ಕೆಲಸಕ್ಕೆ ಹೆಸರಾದ ಊರು, ದೇವರ ವಿಗ್ರಹ ಎರಕ ಹುಯ್ಯುವ ವಿಧಾನವೂ ಮೂಲದಲ್ಲಿ ಇದೇ. ಒಂದು ಸಣ್ಣ ನೆನಪೋಲೆ: ತಾಮ್ರಕ್ಕೆ ತವರ ಸೇರಿದ್ರೆ ಕಂಚು, ಸತು ಸೇರಿದ್ರೆ ಹಿತ್ತಾಳೆ.

ಈಗ ಮುಖ್ಯ ವಿಷಯ. ಸಾವಿರಾರು ವರ್ಷ ಮಣ್ಣಲ್ಲಿದ್ರೆ ಮರ ಕೊಳೆಯುತ್ತೆ, ಕಂಚು ಉಳಿಯುತ್ತೆ. ಅಗೆದಾಗ ಮಂಚ ಸಿಗಲ್ಲ, ಕತ್ತೆಯ ತಲೆ ಸಿಗುತ್ತೆ. ಆಗ ಏನಾಗುತ್ತೆ ಗೊತ್ತಾ? 19ನೇ ಶತಮಾನದಲ್ಲಿ ಇಟಲಿಯ ಅಮಿಟೆರ್ನಮ್ ಅನ್ನೋ ಜಾಗದಲ್ಲಿ ಸಿಕ್ಕ ಇಂಥ ಕಂಚಿನ ತುಂಡುಗಳನ್ನ ಜೋಡಿಸಿದವರು, ಇದು ಇಬ್ಬರು ಗಣ್ಯರು ಕೂರುವ ಅಗಲ ಕುರ್ಚಿ ಅಂದುಕೊಂಡ್ರು. ಮಂಚದ ತಲೆಯ ಕಡೆಯ ಆಸರೆಗಳು ಕುರ್ಚಿಯ ಕೈಗಳಾದ್ವು. ಎಷ್ಟೋ ಕಾಲದ ಮೇಲೆ ಬೇರೆ ಚಿತ್ರ, ಕೆತ್ತನೆಗಳ ಜೊತೆ ಹೋಲಿಸಿ, ಇದು ಕುರ್ಚಿಯಲ್ಲ, ಮಂಚ ಅಂತ ತಿದ್ದಿಕೊಂಡ್ರು. ಅದು ಈಗ ರೋಮ್‌ನ ಕ್ಯಾಪಿಟೋಲೈನ್ ಮ್ಯೂಸಿಯಂನಲ್ಲಿದೆ.

ಅಂದ್ರೆ ತುಂಡು ಉಳಿದ್ರೆ ಸಾಲದು. ತುಂಡು ಎಲ್ಲಿ ಕೂತಿತ್ತು ಅನ್ನೋ ಮಾಹಿತಿಯೂ ಉಳೀಬೇಕು. ಇಲ್ಲಾಂದ್ರೆ ಓದಿಕೊಂಡವರೂ ಮಂಚವನ್ನ ಕುರ್ಚಿ ಮಾಡಿಬಿಡ್ತಾರೆ.

ಇನ್ನೊಂದು ಉದಾಹರಣೆ ಮನಸ್ಸಿಗೆ ನಾಟುತ್ತೆ. ರೋಮ್‌ನ ದಕ್ಷಿಣಕ್ಕೆ ನೆಮಿ ಅನ್ನೋ ಸಣ್ಣ ಸರೋವರ. ಚಕ್ರವರ್ತಿ ಕ್ಯಾಲಿಗುಲಾ ಅಲ್ಲಿ ಸುಮಾರು 70 ಮೀಟರ್ ಉದ್ದದ ಎರಡು ಭಾರೀ ಹಡಗು ಕಟ್ಟಿಸಿದ್ದ, ಅವು ಮುಳುಗಿದ್ವು. 1895ರಲ್ಲಿ ನೀರಿಗಿಳಿದವರು ಹಡಗಿನ ತೊಲೆಗಳ ತುದಿಗೆ ತೊಡಿಸಿದ್ದ ಕಂಚಿನ ತಲೆಗಳನ್ನ ಮೇಲೆ ತಂದ್ರು: ಸಿಂಹ, ತೋಳ, ಚಿರತೆ. ಎಲ್ಲದರ ಬಾಯಲ್ಲೂ ಬಳೆ. ಮುಂದೆ 1920ರ ದಶಕದ ಕೊನೆಯಲ್ಲಿ ಸರೋವರದ ನೀರನ್ನೇ ಪಂಪ್ ಮಾಡಿ ಇಳಿಸಿ ಹಡಗುಗಳನ್ನ ಹೊರಗೆ ತೆಗೆದು ಮ್ಯೂಸಿಯಂ ಕಟ್ಟಿದ್ರು. 1944ರ ಮೇ 31ರ ರಾತ್ರಿ, ಯುದ್ಧದ ಮಧ್ಯೆ, ಆ ಮ್ಯೂಸಿಯಂಗೆ ಬೆಂಕಿ ಬಿತ್ತು. ಎರಡೂ ಹಡಗು ಬೂದಿ. ಕಂಚಿನ ತಲೆಗಳು ಇವತ್ತಿಗೂ ರೋಮ್‌ನಲ್ಲಿವೆ. ಆದ್ರೆ ಇಲ್ಲೊಂದು ಸಮಾಧಾನ: ಸುಡುವ ಮೊದಲು ಹಡಗಿನ ಅಳತೆ, ನಕ್ಷೆ, ಫೋಟೊ ಎಲ್ಲ ಆಗಿತ್ತು. ಹಾಗಾಗಿ ಯಾವ ಹಡಗಿಗೆ ಸೇರಿದ ತಲೆಗಳು ಅಂತ ತೋರಿಸಬಹುದು.

ಒಂದು ಕಡೆ ಮಣ್ಣು, ಇನ್ನೊಂದು ಕಡೆ ಬೆಂಕಿ. ನಮ್ಮ ಶ್ರೀರಂಗಪಟ್ಟಣದಲ್ಲಿ ಸಿಂಹಾಸನವನ್ನ ಮುಗಿಸಿದ್ದು ಇವೆರಡೂ ಅಲ್ಲ. ಲೆಕ್ಕ.

ಭಾಗ ಮಾಡೋಕೆ ಆಗದ ಆಸ್ತಿ

ಸಿಂಹಾಸನ ಹೇಗಿತ್ತು? ಎಂಟು ಮೂಲೆಯ ವೇದಿಕೆ, ಮರದ್ದು, ಮೇಲೆ ಚಿನ್ನದ ತಗಡು. ಅದನ್ನ ಹೊತ್ತು ನಿಂತಂತೆ ಒಂದು ದೊಡ್ಡ ಹುಲಿ. ಅದರ ತಲೆಗೆ ಸ್ಫಟಿಕದ ಕಣ್ಣು, ಸ್ಫಟಿಕದ ಹಲ್ಲು. ಸುತ್ತಲೂ ಕಟಕಟೆ, ಅದರ ಮೇಲೆ ಎಂಟು ಪುಟ್ಟ ಹುಲಿತಲೆ. ನಾನು ಮೊದಲು ಹೇಳಿದ ಹರಾಜಿನ ತಲೆಗಳು ಇವೇ. ಎಲ್ಲಕ್ಕಿಂತ ಮೇಲೆ ಛತ್ರಿ, ಅದರ ನೆತ್ತಿಯಲ್ಲಿ ರತ್ನ ಕೂರಿಸಿದ ಹುಮಾ ಪಕ್ಷಿ. ಹುಮಾ ನೆರಳು ಯಾರ ತಲೆ ಮೇಲೆ ಬೀಳುತ್ತೋ ಅವರು ರಾಜರಾಗ್ತಾರೆ ಅನ್ನೋದು ಪರ್ಷಿಯನ್ ನಂಬಿಕೆ. ಬ್ರಿಟಿಷರನ್ನ ಸೋಲಿಸೋ ತನಕ ಇದರ ಮೇಲೆ ಕೂರಲ್ಲ ಅಂತ ಟಿಪ್ಪು ಶಪಥ ಮಾಡಿದ್ದ ಅಂತ ಹೇಳೋದುಂಟು.

ಹುಲಿ ಅವನ ಗುರುತು. ಆಯುಧಗಳಲ್ಲೂ ಹುಲಿ. ಅವನ ಕಾಲದ ಕಂಚಿನ ತೋಪುಗಳ ಬಾಯಿಯನ್ನೇ ಹುಲಿಯ ಬಾಯಿ ಹಾಗೆ ಎರಕ ಹುಯ್ದಿದ್ದಾರೆ. ಗುಂಡು ಹೊರಬರೋದು ಹುಲಿಯ ಗಂಟಲಿಂದ. ಅಲಂಕಾರವೂ ಅದೇ, ಬೆದರಿಕೆಯೂ ಅದೇ.

1799ರ ಮೇ 4. ಕೋಟೆ ಬಿತ್ತು, ಟಿಪ್ಪು ಸತ್ತ. ಆಗಿನ ಪದ್ಧತಿ ಪ್ರಕಾರ, ಗೆದ್ದ ಊರಲ್ಲಿ ಸಿಕ್ಕ ಸಂಪತ್ತು ಸೇನೆಯ ಬಹುಮಾನದ ಹಣ. ಅದನ್ನ ಲೆಕ್ಕ ಹಾಕಿ, ಮಾರಿ, ಹಂಚೋಕೆ ಸೇನಾಧಿಕಾರಿಗಳಲ್ಲೇ ಕೆಲವರು ಏಜೆಂಟರು. ಇಲ್ಲಿ ನನ್ನ ಬಿ.ಕಾಂ. ಬುದ್ಧಿ ಎದ್ದು ಕೂರುತ್ತೆ. ಒಂದು ಕಂಪನಿ ಮುಚ್ಚಿದಾಗ ಆಸ್ತಿ ಮಾರಿ ಪಾಲುದಾರರಿಗೆ ಹಂಚ್ತಾರಲ್ಲ, ಪಕ್ಕಾ ಅದೇ ಲೆಕ್ಕ.

ಹಂಚಿದ ಮೊತ್ತ ಸುಮಾರು 11 ಲಕ್ಷ 43 ಸಾವಿರ ಪೌಂಡ್. ಸೇನಾಪತಿ ಹ್ಯಾರಿಸ್‌ಗೆ ಎಂಟನೇ ಒಂದು ಭಾಗ, 1,42,902 ಪೌಂಡ್. ಸಾಮಾನ್ಯ ಬ್ರಿಟಿಷ್ ಸೈನಿಕನಿಗೆ 7 ಪೌಂಡ್ ಆಸುಪಾಸು. ಕಂಪನಿ ಸೇನೆಯ ನಮ್ಮ ದೇಶದ ಸಿಪಾಯಿಗೆ 5 ಪೌಂಡ್ ಆಸುಪಾಸು. ಫೋನ್‌ನಲ್ಲೇ ಭಾಗಿಸಿ ನೋಡಿ: ಹ್ಯಾರಿಸ್ ಒಬ್ಬನ ಪಾಲು ಸರಿಸುಮಾರು 20 ಸಾವಿರ ಬ್ರಿಟಿಷ್ ಸೈನಿಕರ ಪಾಲಿಗೆ ಸಮ.

ನಾಣ್ಯ ಹಂಚಬಹುದು. ಮುತ್ತು ಎಣಿಸಿ ಹಂಚಬಹುದು. ಸಿಂಹಾಸನ ಹೇಗೆ ಹಂಚ್ತೀರ? ಒಂದೇ ಇದೆ. ಕೊಳ್ಳೋ ಶಕ್ತಿ ಇರೋ ಗಿರಾಕಿ ಆ ಬಿಡಾರದಲ್ಲಿ ಯಾರೂ ಇಲ್ಲ. ಹಾಗಾಗಿ ಏಜೆಂಟರು ಒಡೆದ್ರು. ಚಿನ್ನದ ತಗಡು ಕತ್ತರಿಸಿ ತುಂಡು ಮಾಡಿದ್ರು. ತಲೆಗಳು ಬೇರೆಯಾದ್ವು, ಹಕ್ಕಿ ಬೇರೆಯಾಯ್ತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅದನ್ನ ಇಡಿಯಾಗಿ ಇಂಗ್ಲೆಂಡಿನ ರಾಜನಿಗೆ ಕಳಿಸೋ ಆಸೆ ಇತ್ತು. ಸುದ್ದಿ ಕೇಳಿ ಬೇಸರ ಮಾಡಿಕೊಂಡ. ಅಷ್ಟರಲ್ಲಿ ಕೆಲಸ ಮುಗಿದಿತ್ತು.

ಗಮನಿಸಿ, ಇದು ಸಿಟ್ಟಿನಲ್ಲಿ ಒಡೆದದ್ದಲ್ಲ. ಲೆಕ್ಕಪುಸ್ತಕದಲ್ಲಿ ಕಾಲಂ ತುಂಬೋಕೆ ಒಡೆದದ್ದು. ತುಂಡಿಗೆ ಬೆಲೆ ಇದೆ, ಪೂರ್ತಿಗೆ ಬೆಲೆ ಕಟ್ಟೋಕೆ ಆಗಲ್ಲ ಅನ್ನೋ ಒಂದೇ ಕಾರಣಕ್ಕೆ.

ದೊಡ್ಡ ಹುಲಿಯ ತಲೆ, ಹುಮಾ ಪಕ್ಷಿ ಇವತ್ತು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿವೆ. ಒಂದು ಪುಟ್ಟ ತಲೆ ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ಹರಾಜಿಗೆ ಬಂದವು ಖಾಸಗಿ ಕೈಗಳಿಗೆ ಹೋದ್ವು. 2021ರ ತಡೆಯ ಸಮಯದಲ್ಲಿ ಬ್ರಿಟಿಷ್ ಸರ್ಕಾರ ಹೇಳಿದ ಪ್ರಕಾರ ಎಂಟರಲ್ಲಿ ಉಳಿದಿರೋದು ಗೊತ್ತಿರೋದು 5 ಮಾತ್ರ.

ಇಷ್ಟಾದ್ರೂ ಸಿಂಹಾಸನ ಹೇಗಿತ್ತು ಅಂತ ನಾನು ನಿಮಗೆ ಹೇಗೆ ವಿವರಿಸಿದೆ? ಚಿತ್ರಗಳಿಂದ. ಥಾಮಸ್ ಮ್ಯಾರಿಯಟ್ ಅನ್ನೋ ಕ್ಯಾಪ್ಟನ್ ಸಿಂಹಾಸನದ ಚಿತ್ರ ಬರೆದ. ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್‌ನ ಹೆಣ್ಣುಮಕ್ಕಳಿಗೆ ಪಾಠ ಹೇಳ್ತಿದ್ದ ಇಟಲಿಯ ಚಿತ್ರಗಾರ್ತಿ ಅನ್ನಾ ಟೊನೆಲ್ಲಿ 1800ರಲ್ಲಿ ಟಿಪ್ಪು ಇದರ ಮೇಲೆ ಕೂತಂತೆ ಬಣ್ಣದಲ್ಲಿ ಬರೆದಳು. ಆಕೆ ಬರೆಯೋ ಹೊತ್ತಿಗೆ ಟಿಪ್ಪುವೂ ಇಲ್ಲ, ಸಿಂಹಾಸನವೂ ಇಲ್ಲ. ಆದ್ರೂ ಇಂಥ ಚಿತ್ರ ಇಲ್ಲದಿದ್ರೆ ಆ ಪುಟ್ಟ ತಲೆ ಕತ್ತಿಯ ಹಿಡಿಯ ತುದಿಯಾ, ಊರುಗೋಲಿನದ್ದಾ, ಪಲ್ಲಕ್ಕಿಯದ್ದಾ ಅಂತ ವಾದ ಮಾಡ್ತಾ ಕೂರಬೇಕಿತ್ತು. ಮಂಚ ಕುರ್ಚಿಯಾದ ಕಥೆ ಇಲ್ಲೂ ಆಗ್ತಿತ್ತು.

ಅದೇ ಬಿಡಿಭಾಗ, ಬೇರೆ ಹಣೆಬರಹ

ಈಗ ಶ್ರೀರಂಗಪಟ್ಟಣದಿಂದ 15 ಕಿಲೋಮೀಟರ್ ಆಸುಪಾಸಿನ ಮೈಸೂರಿಗೆ ಬನ್ನಿ. ಇಲ್ಲೂ ಒಂದು ಸಿಂಹಾಸನ ಇದೆ, ಒಡೆಯರ ರತ್ನ ಸಿಂಹಾಸನ. ವಿಷಯ ಏನಂದ್ರೆ, ಇದೂ ಬಿಡಿಭಾಗಗಳಾಗಿಯೇ ಇರುತ್ತೆ. ವರ್ಷದ ಹೆಚ್ಚು ದಿನ ಭದ್ರತಾ ಕೊಠಡಿಯಲ್ಲಿ. ದಸರಾಕ್ಕೆ ಮುಂಚೆ ತುಂಡುಗಳನ್ನ ಹೊರಗೆ ತೆಗೆದು ಅರಮನೆಯಲ್ಲಿ ಜೋಡಿಸ್ತಾರೆ. ಜೋಡಿಸೋದು ಮೈಸೂರು ಪಕ್ಕದ ಗೆಜ್ಜಗಳ್ಳಿ ಊರಿನವರು. ಆ ಊರಿನವರಿಗೆ ಯಾವುದು ಯಾವುದಕ್ಕೆ ಕೂರುತ್ತೆ ಅಂತ ಗೊತ್ತು.

ನವರಾತ್ರಿಯ ಮೊದಲ ದಿನ ಬೆಳಗ್ಗೆ, ಖಾಸಗಿ ದರ್ಬಾರಿಗೆ ಮುಂಚೆ, ಕೊನೆಯಲ್ಲಿ ಸಿಂಹದ ಜೋಡಣೆ. ಪತ್ರಿಕೆಗಳಲ್ಲಿ 'ಸಿಂಹಾಸನಕ್ಕೆ ಸಿಂಹ ಜೋಡಣೆ' ಅಂತ ಓದಿರ್ತೀರ. ಅದು ಸೇರಿದ ಮೇಲೇನೇ ಅದು ಸಿಂಹಾಸನ. ಯೋಚಿಸಿ, ಇದೂ ಒಂದು ಪ್ರಾಣಿ ರೂಪದ ಫಿಟಿಂಗೇ. ಹಬ್ಬ ಮುಗಿದ ಮೇಲೆ ಮತ್ತೆ ಬಿಚ್ಚಿ ಒಳಗಿಡ್ತಾರೆ.

ಎರಡು ಸಿಂಹಾಸನ. ಎರಡರಲ್ಲೂ ಮರ, ಚಿನ್ನ, ಪ್ರಾಣಿಯ ತಲೆ. ಒಂದನ್ನ ಪ್ರತಿ ವರ್ಷ ಬಿಚ್ಚುತ್ತಾರೆ, ಆದ್ರೂ ಅದು ಪೂರ್ತಿಯಾಗಿದೆ. ಇನ್ನೊಂದನ್ನ ಒಂದೇ ಸಲ ಬಿಚ್ಚಿದ್ರು, ಅದು ಇಲ್ಲವಾಯ್ತು. ವ್ಯತ್ಯಾಸ ಚಿನ್ನದ ತೂಕದಲ್ಲಿಲ್ಲ. ಒಂದರ ಹಿಂದೆ ಮತ್ತೆ ಜೋಡಿಸೋಕೆ ಗೊತ್ತಿರೋ ಕೈಗಳಿವೆ. ಇನ್ನೊಂದರ ಮುಂದೆ ಪಾಲು ಕೇಳೋ ಕೈಗಳಿದ್ವು.

ಇದು ನಮ್ಮ ಮನೆಗೂ ಸೇರಿದ ಮಾತು

ಇದರಲ್ಲಿ ನಮಗೇನು ಅಂತೀರಾ? ಮೈಸೂರಿನ ಯಾವುದೇ ಹಳೇ ಅಗ್ರಹಾರದಲ್ಲಿ ಒಂದು ಸುತ್ತು ಹಾಕಿ. ಹೆಂಚಿನ ಮನೆ ಹೋಗಿ ಮೂರು ಅಂತಸ್ತಿನ ಕಟ್ಟಡ ಏಳ್ತಿರುತ್ತೆ. ಆಸ್ತಿ ಭಾಗ ಆಗೋವಾಗ ಬಾಗಿಲು ಒಬ್ಬರಿಗೆ, ಅದರ ಹಿತ್ತಾಳೆ ಬಳೆ ಇನ್ನೊಬ್ಬರಿಗೆ. ಉಯ್ಯಾಲೆ ಹಲಗೆ ಅಣ್ಣನಿಗೆ, ಸರಪಳಿ ತಮ್ಮನಿಗೆ. ಉಳಿದದ್ದು ಗುಜರಿ ಅಂಗಡಿಯ ತಕ್ಕಡಿಗೆ, ಕೆಜಿ ಲೆಕ್ಕದಲ್ಲಿ. ತಕ್ಕಡಿಗೆ ಗಿಳಿಯೂ ಒಂದೇ, ನಲ್ಲಿಯೂ ಒಂದೇ. 1799ರ ಏಜೆಂಟರ ಲೆಕ್ಕವೇ ಇದು, ಸಣ್ಣ ಸೈಜಿನಲ್ಲಿ.

ಮನೆ ಒಡೆಯಬೇಡಿ ಅಂತ ಹೇಳೋಕೆ ನಾನ್ಯಾರು? ಸೋರೋ ಮನೆಯಲ್ಲಿ ಇರೋರ ಕಷ್ಟ ಅವರಿಗೇ ಗೊತ್ತು. ಆದ್ರೆ ಬಿಚ್ಚೋ ಮುಂಚೆ ನಾಲ್ಕು ಕೆಲಸ ಮಾಡಬಹುದು. ಖರ್ಚೇನಿಲ್ಲ.

ಒಂದು, ಬಿಚ್ಚೋಕೆ ಮುಂಚೆ ಫೋನ್‌ನಲ್ಲಿ ಫೋಟೊ. ಹತ್ತಿರದ್ದು ಒಂದು, ಇಡೀ ಬಾಗಿಲು ಅಥವಾ ಇಡೀ ಮಂಚ ಕಾಣೋ ಹಾಗೆ ಒಂದು. ಎರಡನೆಯದೇ ಹೆಚ್ಚು ಮುಖ್ಯ. ಅನ್ನಾ ಟೊನೆಲ್ಲಿ ಬಣ್ಣದಲ್ಲಿ ಮಾಡಿದ್ದನ್ನ ನೀವು ಒಂದು ಕ್ಲಿಕ್‌ನಲ್ಲಿ ಮಾಡ್ತೀರ.

ಎರಡು, ಅದರ ಜೊತೆ ಒಂದು ಚೀಟಿ. ಯಾವ ಊರು, ಯಾವ ಮನೆ, ಯಾವ ಬಾಗಿಲು, ಎಡಗಡೆನಾ ಬಲಗಡೆನಾ. ಮನೆಯಲ್ಲಿ ಅಜ್ಜಿ ಇದ್ರೆ ಅವರು ಅದನ್ನ ಏನಂತ ಕರೀತಿದ್ರು ಅಂತ ಕೇಳಿ ಅದನ್ನೂ ಬರೀರಿ. ಮೊಳೆ, ತಿರುಪು ಎಸೀಬೇಡಿ, ಅದೇ ಪೊಟ್ಟಣದಲ್ಲಿ ಕಟ್ಟಿಡಿ.

ಮೂರು, ತುಂಬಾ ಹಳೇದು ಅನ್ಸಿದ್ರೆ ಹುಣಸೆಹಣ್ಣು ಹಾಕಿ ಪಳಪಳ ಅನ್ನೋ ಹಾಗೆ ಉಜ್ಜಬೇಡಿ. ಕಂಚಿನ ಮೇಲಿನ ಹಸಿರು, ಕಂದು ಪದರವೂ ಅದರ ವಯಸ್ಸಿನ ಸಾಕ್ಷಿ.

ನಾಲ್ಕು, ಕಾನೂನು ತಿಳ್ಕೊಂಡಿರಿ. 1972ರ ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆ ಪ್ರಕಾರ 100 ವರ್ಷಕ್ಕಿಂತ ಹಳೆಯ ಕಲಾಕೃತಿ, ಕರಕುಶಲ ವಸ್ತುಗಳು ಪುರಾತನ ವಸ್ತುಗಳು. ಅದನ್ನ ಖಾಸಗಿಯವರು ದೇಶದಿಂದ ಹೊರಗೆ ಸಾಗಿಸೋ ಹಾಗಿಲ್ಲ. ಆನ್‌ಲೈನ್‌ನಲ್ಲಿ ಯಾರೋ ಡಾಲರ್ ಲೆಕ್ಕದಲ್ಲಿ ರೇಟು ಹೇಳಿದ್ರು ಅಂತ ಪಾರ್ಸೆಲ್ ಮಾಡೋಕೆ ಹೋಗಬೇಡಿ.

ಇನ್ನು ಮ್ಯೂಸಿಯಂಗೆ ಹೋದಾಗ, ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಕೂತ ಪ್ರಾಣಿ ತಲೆ ಕಂಡ್ರೆ, ಎಷ್ಟು ಚಂದ ಅಂದು ಮುಂದೆ ಹೋಗಬೇಡಿ. ಹಿಂಭಾಗ ನೋಡಿ. ತೂತಿದೆಯಾ, ಕೊಳವೆ ಹಾಗಿದೆಯಾ, ಬಾಯಲ್ಲಿ ಬಳೆ ತಿರುಗಿ ಸವೆದ ಗುರುತಿದೆಯಾ? ಅದು ಯಾವುದಕ್ಕೆ ಸೇರಿತ್ತು, ಯಾರು ಬಿಚ್ಚಿದ್ರು ಅಂತ ಕೇಳಿ. ಉತ್ತರ ಬೋರ್ಡಿನಲ್ಲಿ ಇಲ್ಲ ಅಂದ್ರೆ ಅಲ್ಲಿರೋ ಸಿಬ್ಬಂದಿಯನ್ನ ಕೇಳಿ. ಕೇಳೋರು ಹೆಚ್ಚಾದ್ರೆ ಬೋರ್ಡೂ ಬದಲಾಗುತ್ತೆ.

ನಿಮ್ಮ ಮನೆಯಲ್ಲಿ ಅಥವಾ ಅಜ್ಜಿಯ ಊರಲ್ಲಿ ಇಂಥ ಗಿಳಿ, ಆನೆ, ಸಿಂಹ ಇನ್ನೂ ಅದರ ಜಾಗದಲ್ಲೇ ಇದ್ರೆ, ಈ ಭಾನುವಾರ ಫೋಟೊ ತೆಗೆದಿಡಿ. ಫ್ಯಾಮಿಲಿ ಗ್ರೂಪಿಗೆ ಹಾಕಿ, 'ಇದು ಯಾರು ಮಾಡಿಸಿದ್ದು' ಅಂತ ಕೇಳಿ. ಗುಡ್ ಮಾರ್ನಿಂಗ್ ಹೂವಿನ ಚಿತ್ರಕ್ಕಿಂತ ಹೆಚ್ಚು ಉತ್ತರ ಬರುತ್ತೆ ಅನ್ನೋದು ನನ್ನ ಅಂದಾಜು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.